ಪರಿಹಾರದ ಪಟ್ಟಿ ಊರ ಮುಂದೆ ಬರಲಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಜರುಗಿದ ರೈತ ಸದಸ್ಯರ ಸಮಾವೇಶದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗಿಂತ ಮುಂಚೆ ಮಾತಾಡಿದ ಹಿರಿಯರು ಸಂಘ ಹುಟ್ಟಿದ ಬಗೆ, ಶೇರು ಕೂಡಿಸಲು ಮನೆಮನೆ ತಿರುಗಿದ್ದು, ಗೋದಾಮು ಕಟ್ಟಿದ್ದು ಎಲ್ಲವನ್ನೂ ಚೆನ್ನಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ನಮಗೆ ಕೊಟ್ಟಿರುವ ವಿಷಯ ‘ಪ್ರಕೃತಿ ವಿಕೋಪ ಪರಿಹಾರ ಮತ್ತು ರೈತರು’ ಎಂದು. ನಾವು ಓದಿದ್ದು ಎಸ್‌.ಎಸ್‌.ಎಲ್‌.ಸಿ.ವರೆಗೆ. ದೊಡ್ಡ ಅರ್ಥಶಾಸ್ತ್ರ ನಮಗೆ ಬರುವುದಿಲ್ಲ. ಆದರೆ ಗುಂಟೆಗೆ ಎಷ್ಟು ಬಂತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬ ಲೆಕ್ಕ ರೈತನಾದವನಿಗೆ ತಿಳಿಯಲೇಬೇಕು. ಅಷ್ಟನ್ನೇ ಇಲ್ಲಿ ಇಡುತ್ತೇವೆ.

ಮೊದಲು ಹಿಂದಿನ ಮಾತು. 1972ರ ಬರವನ್ನು ಕಂಡ ಅಜ್ಜಂದಿರು ಈ ಸಭೆಯಲ್ಲಿ ಇನ್ನೂ ಕೆಲವರಿದ್ದಾರೆ. ಆಗ ಪರಿಹಾರ ಎಂದರೆ ಕೂಲಿ. ರಸ್ತೆಗೆ ಕಲ್ಲು ಒಡೆಯುವುದು, ಕೆರೆ ಹೂಳು ಹೊರುವುದು. ವಾರದ ಬಟವಡೆ ಗಿಡದ ಕೆಳಗೆ, ಎಲ್ಲರ ಎದುರಿಗೆ. ಮಸ್ಟರ್ ರೋಲಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ಮೋಸ ಆಗ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಸತ್ತವರ ಹೆಸರಿಗೂ ಹೆಬ್ಬೆಟ್ಟು ಬಿದ್ದ ಕಥೆಗಳನ್ನು ನಾವೂ ಕೇಳಿದ್ದೇವೆ. ಆದರೆ ಒಂದು ಮಾತು: ಯಾರು ಬುಟ್ಟಿ ಹೊತ್ತರು, ಯಾರು ನೆರಳಲ್ಲಿ ಕೂತು ಹಣ ಎಣಿಸಿದರು ಎಂಬುದು ಇಡೀ ಊರಿಗೆ ಗೊತ್ತಿರುತ್ತಿತ್ತು. ಬಯ್ಯುವುದಕ್ಕಾದರೂ ಒಂದು ಹೆಸರು ಇರುತ್ತಿತ್ತು.

ಈಗ ಹಾಗಲ್ಲ. ಹಣ ನೇರವಾಗಿ ಖಾತೆಗೆ ಬರುತ್ತದೆ. ನಡುವಿನ ಕೈ ಕಡಿಮೆಯಾಯಿತು, ಇದು ಒಳ್ಳೆಯದೇ, ಇದನ್ನು ನಾವು ಎರಡು ಮಾತಿಲ್ಲದೆ ಒಪ್ಪುತ್ತೇವೆ. ಚೆಕ್ಕು ಕೊಡಿಸುತ್ತೇನೆಂದು ನೂರು ಇನ್ನೂರು ಕೇಳುತ್ತಿದ್ದವರ ಕಾಟ ತಪ್ಪಿತು. ಆದರೆ ಕೈ ಹೋದ ಹಾಗೆ ಕಣ್ಣೂ ಹೋಯಿತು. ಹಣ ಬಂದವನ ಫೋನಿನಲ್ಲಿ ಒಂದು ಸದ್ದು, ಬರದವನ ಫೋನಿನಲ್ಲಿ ಏನೂ ಇಲ್ಲ. ಪಕ್ಕದ ಹೊಲದವನಿಗೆ ಬಂತೋ ಇಲ್ಲವೋ, ಎಷ್ಟು ಬಂತು, ಯಾವ ಬೆಳೆಗೆ ಬಂತು, ಯಾರಿಗೂ ಖಚಿತವಿಲ್ಲ. ಖಚಿತವಿಲ್ಲದ ಕಡೆ ಗುಮಾನಿ ಬೆಳೆಯುತ್ತದೆ. ಒಬ್ಬರು ‘ತಲಾಟಿಗೆ ಕೊಟ್ಟವರಿಗೆ ಬಂದೈತಿ’ ಅಂತಾರೆ, ಇನ್ನೊಬ್ಬರು ‘ಅವರ ಪಕ್ಷದವರಿಗೆ ಬಂದೈತಿ’ ಅಂತಾರೆ. ತಲಾಟಿ ಪಾಪ, ಅರ್ಧ ಸಲ ಅವರದು ತಪ್ಪೇ ಇರುವುದಿಲ್ಲ. (ಈಗ ಅವರ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ, ನಮ್ಮ ಕಡೆ ಬಾಯಲ್ಲಿ ಇನ್ನೂ ತಲಾಟಿಯೇ.)

ಈ ಪರಿಹಾರ ಯಾವ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮಲ್ಲಿ ಬಹಳ ಮಂದಿ ಬೆಳೆ ವಿಮೆ ಮತ್ತು ಬೆಳೆ ಪರಿಹಾರ ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ವಿಮೆ ಎಂದರೆ ನೀವು ಕಂತು ಕಟ್ಟಿದ್ದಕ್ಕೆ ಬರುವುದು. 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ನಡೆದಿದೆ, ಮುಂಗಾರಿ ಆಹಾರ ಬೆಳೆಗೆ ನಾವು ಕಟ್ಟುವುದು ನೂರಕ್ಕೆ 2 ರೂಪಾಯಿ. ಅಲ್ಲಿ ನಿಮ್ಮೊಬ್ಬರ ಹೊಲ ನೋಡುವುದು ಕಡಿಮೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯ್ತಿಯನ್ನು ಒಂದು ಘಟಕವೆಂದು ಹಿಡಿದು ಬೆಳೆ ಕಟಾವು ಪ್ರಯೋಗದ ಇಳುವರಿ ತೆಗೆಯುತ್ತಾರೆ. ಪರಿಹಾರ ಎಂದರೆ ಬೇರೆ. ಅದಕ್ಕೆ ಕಂತಿಲ್ಲ, ಅರ್ಜಿಯ ಫೀ ಇಲ್ಲ. ಅದು ರಾಜ್ಯ ವಿಪತ್ತು ಪರಿಹಾರ ನಿಧಿಯ ಹಣ, ಆ ನಿಧಿಗೆ ನಮ್ಮಂಥ ರಾಜ್ಯಗಳ ವಿಷಯದಲ್ಲಿ ಕೇಂದ್ರ 75, ರಾಜ್ಯ 25 ಪಾಲು ಹಾಕುತ್ತವೆ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಇನ್‌ಪುಟ್ ಸಬ್ಸಿಡಿ ಎನ್ನುತ್ತಾರೆ. ಹೋದ ಬೆಳೆಯ ಬೆಲೆಯಲ್ಲ ಅದು. ಮುಂದಿನ ಬಿತ್ತನೆಗೆ ಬೀಜ ಗೊಬ್ಬರಕ್ಕೆ ಕೈ ಹಿಡಿಯುವ ಹಣ. ಇದು ಗೊತ್ತಿದ್ದರೆ ‘ಎಕರೆಗೆ ಮೂವತ್ತು ಸಾವಿರ ಹಾನಿ, ಬಂದದ್ದು ಮೂರು ಸಾವಿರ’ ಎಂಬ ಸಿಟ್ಟು ಕಡಿಮೆಯಾಗುತ್ತದೆ ಎಂದು ಹೇಳುತ್ತಿಲ್ಲ. ಸಿಟ್ಟು ಇರಬೇಕು. ಆದರೆ ಯಾರ ಮೇಲೆ ಅನ್ನೋದು ತಿಳಿದಿರಬೇಕು.

ದರ ಹೀಗಿದೆ. 2015ಕ್ಕೆ ಮುಂಚೆ ನೂರಕ್ಕೆ ಐವತ್ತು ಪಾಲು ಬೆಳೆ ಹೋದರೆ ಮಾತ್ರ ಪರಿಹಾರ. 2015ರಲ್ಲಿ ಅದನ್ನು 33ಕ್ಕೆ ಇಳಿಸಿದರು. ಮಳೆ ಆಶ್ರಿತ ಹೊಲಕ್ಕೆ ಹೆಕ್ಟೇರಿಗೆ 6,800, ನೀರಾವರಿಗೆ 13,500, ತೋಟದ ಬಹುವಾರ್ಷಿಕ ಬೆಳೆಗೆ 18,000 ರೂಪಾಯಿ ಮಾಡಿದರು. 2022–23ರಿಂದ 2025–26ರವರೆಗಿನ ಮಾರ್ಗಸೂಚಿಯಲ್ಲಿ ಅದು 8,500, 17,000, 22,500 ಆಯಿತು. ಒಬ್ಬ ರೈತನಿಗೆ 2 ಹೆಕ್ಟೇರ್ ಮಿತಿ. ಇದರ ಮೇಲೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸಿದ್ದೂ ಉಂಟು. 2021ರ ಡಿಸೆಂಬರಿನಲ್ಲಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ಮಳೆ ಆಶ್ರಿತಕ್ಕೆ 13,600 ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಕಲಬುರಗಿ, ಬೀದರ, ಯಾದಗಿರಿ, ವಿಜಯಪುರ ಕಡೆ ನೆರೆ ಬಂದಾಗ ಸಿದ್ದರಾಮಯ್ಯನವರ ಸರ್ಕಾರ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿ 17,000 ಮಾಡಿತು. ಎರಡು ಪಕ್ಷದ ಹೆಸರನ್ನೂ ಹೇಳಿದ್ದೇವೆ, ಯಾರೂ ಮುನಿಸಿಕೊಳ್ಳಬಾರದು.

ನಮಗೆ ಹೆಕ್ಟೇರು ಯಾರಿಗೂ ಬರುವುದಿಲ್ಲ, ಎಕರೆ ಗುಂಟೆ ಬರುತ್ತದೆ. ಒಂದು ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 2 ಎಕರೆ 19 ಗುಂಟೆ. 8,500ನ್ನು ಅದಕ್ಕೆ ಭಾಗಿಸಿದರೆ ಗುಂಟೆಗೆ 86 ರೂಪಾಯಿ. ಈ 86 ಒಂದನ್ನು ನೆನಪಿಟ್ಟುಕೊಳ್ಳಿರಿ. ಮೂರು ಎಕರೆ ಗೋವಿನಜೋಳ ಒಣಗಿದ್ದರೆ 120 ಗುಂಟೆ, 10,320 ರೂಪಾಯಿ. ಮಿತಿ 2 ಹೆಕ್ಟೇರ್, ಅಂದರೆ 4 ಎಕರೆ 38 ಗುಂಟೆ, ಅದಕ್ಕೆ 17,000. ಹತ್ತು ಎಕರೆ ಇದ್ದವನಿಗೂ ಅಷ್ಟೇ. ರಾಜ್ಯ ಅಷ್ಟೇ ಹಣ ಮತ್ತೆ ಸೇರಿಸಿದ ವರ್ಷ 86ರ ಬದಲು 172. ಇಷ್ಟು ಗೊತ್ತಿದ್ದರೆ ನಾಲ್ಕನೇ ಇಯತ್ತೆ ಓದುವ ನಿಮ್ಮ ಮೊಮ್ಮಗ ಸಹ ಪಟ್ಟಿ ತಪಾಸ ಮಾಡಬಹುದು. ಪಟ್ಟಿ ಕೈಗೆ ಸಿಕ್ಕರೆ!

2023ರ ಬರದ ಮಾತನ್ನು ಇಲ್ಲಿ ತೆಗೆಯಲೇಬೇಕು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಮೊದಲು 195 ತಾಲ್ಲೂಕು ಬರಪೀಡಿತ ಎಂದಿತು, ಮುಂದೆ ಅದು 223 ತಾಲ್ಲೂಕಿಗೆ ಏರಿತು. 48 ಲಕ್ಷ ಹೆಕ್ಟೇರಿಗಿಂತ ಹೆಚ್ಚು ಬೆಳೆ ಹೋಯಿತೆಂದು ಲೆಕ್ಕ. ರಾಜ್ಯ 18 ಸಾವಿರ ಕೋಟಿಗೂ ಮಿಕ್ಕಿ ಕೇಳಿತು. ತಿಂಗಳುಗಟ್ಟಲೆ ಬರಲಿಲ್ಲ. ಅಷ್ಟರಲ್ಲಿ ರಾಜ್ಯವೇ ಮೊದಲ ಕಂತೆಂದು 2,000 ರೂಪಾಯಿವರೆಗೆ ರೈತರ ಖಾತೆಗೆ ಹಾಕಿತು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಕೇಂದ್ರದಿಂದ 3,454 ಕೋಟಿ ಬಿಡುಗಡೆಯಾಯಿತು. ಆಮೇಲೆ ಉಳಿದ ಹಣ ರೈತರಿಗೆ ಬಂತು, ಮೊದಲು ಕೊಟ್ಟ 2,000 ಮುರಿದುಕೊಂಡು. ಮೂರು ಎಕರೆಯವನಿಗೆ 10,320ರಲ್ಲಿ 2,000 ಹೋಗಿ 8,320. ಅದು ಗೊತ್ತಿಲ್ಲದೆ ನಮ್ಮಲ್ಲಿ ಎಷ್ಟೋ ಮಂದಿ ‘ಎರಡು ಸಾವಿರ ನಡುವೆ ಯಾರೋ ತಿಂದಾರ’ ಎಂದು ಸೊಸೈಟಿಗೆ ಬಂದು ಸೆಕ್ರೆಟರಿಯವರ ಮೇಲೆ ಹರಿಹಾಯ್ದರು. ತಿಂದಿರಲಿಲ್ಲ. ಹೇಳಿರಲಿಲ್ಲ, ಅಷ್ಟೇ.

ಇಲ್ಲಿ ನಮಗೆ ಹೊಳೆಯುವ ಮಾತೊಂದಿದೆ. ದಿಲ್ಲಿಯವರು ನಮಗೆ ಎಷ್ಟು, ಯಾವ ಲೆಕ್ಕದಲ್ಲಿ ಕೊಡುತ್ತಾರೆ, ಯಾಕೆ ತಡ ಎಂದು ಕೇಳಲು ಬೆಂಗಳೂರಿನ ಸರ್ಕಾರವೇ ದೇಶದ ದೊಡ್ಡ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಹೋದದ್ದು ಸರಿಯೇ. ಹಾಗಾದರೆ ಅದೇ ಪ್ರಶ್ನೆಯನ್ನು ಒಂದು ಊರಿನ ರೈತ ತನ್ನ ನಾಡಕಚೇರಿಯಲ್ಲಿ ಕೇಳಿದರೆ ‘ನಿನಗ್ಯಾಕ ಬೇಕಪ್ಪ ಮಂದಿ ಲೆಕ್ಕ, ನಿಂದು ನೀ ನೋಡಿಕೋ’ ಎಂಬ ಉತ್ತರ ಯಾಕೆ ಸಿಗಬೇಕು? ಈ ಉತ್ತರವನ್ನು ನಾವು ಸ್ವತಃ ಒಂದು ಕಚೇರಿಯಲ್ಲಿ ಕೇಳಿಸಿಕೊಂಡಿದ್ದೇವೆ. ಯಾವ ಕಚೇರಿ ಎಂದು ಬೇಡ, ಆ ಮಹನೀಯರು ಈಗ ವರ್ಗವಾಗಿ ಹೋಗಿದ್ದಾರೆ.

ಮಂದಿ ಲೆಕ್ಕ ಯಾಕೆ ಬೇಕು ಅಂದರೆ, ತಪ್ಪು ಕಾಣಿಸುವುದೇ ಪಟ್ಟಿಯನ್ನು ಪೂರ್ತಿ ನೋಡಿದಾಗ. ತನ್ನ ಹೆಸರು ಇಲ್ಲದವನಿಗೆ ತನ್ನ ಹೆಸರು ಇಲ್ಲ ಎಂಬುದಷ್ಟೇ ತಿಳಿಯುತ್ತದೆ, ಯಾಕೆ ಇಲ್ಲ ಎಂಬುದು ತಿಳಿಯುವುದಿಲ್ಲ. 2024ರ ಬೇಸಿಗೆ ಮುಗಿಯುವಾಗ ನಮ್ಮ ಊರಿನ ನಾಲ್ಕು ಹುಡುಗರು ಪಟ್ಟಿಯನ್ನು ದೊರಕಿಸಿ ಕಾಗದಕ್ಕೆ ಇಳಿಸಿ ನಮ್ಮ ಸಂಘದ ಗೋದಾಮಿನ ಗೋಡೆಗೆ ಅಂಟಿಸಿದರು. ಮೂರು ದಿನ ಆ ಗೋಡೆಯ ಮುಂದೆ ಜಾತ್ರೆ. ಓದಲು ಬಾರದವರಿಗೆ ಹುಡುಗರೇ ಓದಿ ಹೇಳಿದರು. ಆಗ ಹೊರಬಿದ್ದ ಸಂಗತಿಗಳು ನಿಮಗೆಲ್ಲ ನೆನಪಿರಬಹುದು.

ಒಬ್ಬ ತಾಯಿ, ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಹೇಳುವುದಿಲ್ಲ, ಅವರ ಹೊಲದ ಉತಾರ ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲೇ ಇತ್ತು. ವಾರಸಾ ಆಗಿರಲಿಲ್ಲ. ಸತ್ತವರಿಗೆ ಆಧಾರ್ ಜೋಡಣೆಯಾದ ಖಾತೆ ಎಲ್ಲಿಂದ ಬರಬೇಕು? ಹಣ ಬರಲಿಲ್ಲ. ಮೂರು ವರ್ಷದಿಂದ ಬೆಳೆ ಬೆಳೆದವರು ಅವರೇ, ಸಾಲ ತೆಗೆದವರೂ ಅವರೇ. ಇನ್ನೊಬ್ಬರ ಹೊಲ ಬೆಳೆ ಸಮೀಕ್ಷೆಯಲ್ಲಿ ‘ಪಾಳು’ ಎಂದು ದಾಖಲಾಗಿತ್ತು. ಸಮೀಕ್ಷೆಗೆ ಬಂದ ಹುಡುಗ ಬದುವಿನ ಈಚೆಗೆ ನಿಂತು ಫೋಟೋ ಹೊಡೆದಿದ್ದ, ಅಲ್ಲಿ ನಿಜವಾಗಿ ಕಲ್ಲುಭೂಮಿ. ಪಾಳು ಹೊಲಕ್ಕೆ ಬೆಳೆ ಪರಿಹಾರ ಹೇಗೆ ಬರುತ್ತದೆ? ಮತ್ತೊಬ್ಬರ ಎರಡು ಹಿಸ್ಸಾ ಪೈಕಿ ಒಂದು ಮಾತ್ರ ಫ್ರೂಟ್ಸ್ ಐಡಿಗೆ ಜೋಡಣೆಯಾಗಿತ್ತು, ಬಂದದ್ದು ಅರ್ಧ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ವಾಟ್ನಿ ಮಾಡಿಕೊಂಡು ಪೋಡಿ ಮಾಡಿಸದೆ ಬಿಟ್ಟಿದ್ದ ಹೊಲಗಳ ಗೋಳಂತೂ ಹೇಳತೀರದು. ನೀರಾವರಿಯ ಹೊಲ ಮಳೆ ಆಶ್ರಿತ ಎಂದು ಬಿದ್ದದ್ದಿತ್ತು, ಮಳೆ ಆಶ್ರಿತ ನೀರಾವರಿ ಎಂದು ಬಿದ್ದದ್ದೂ ಇತ್ತು. ಎರಡನೆಯವರು ಗೋಡೆಯ ಮುಂದೆ ಬಹಳ ಹೊತ್ತು ನಿಲ್ಲಲಿಲ್ಲ.

ಬೇಕಂತಲೇ ಮಾಡಿದ ಮೋಸ ಆ ಪಟ್ಟಿಯಲ್ಲಿ ನಮಗೆ ಕಂಡದ್ದು ಕಡಿಮೆ. ಹೆಚ್ಚಿನದು ಅಲಕ್ಷ್ಯ, ತಿಳಿಯದಿರುವಿಕೆ, ಗಡಿಬಿಡಿ. ಆದರೆ ಹಣ ಬರದವನಿಗೆ ಮೋಸವೂ ಒಂದೇ, ಅಲಕ್ಷ್ಯವೂ ಒಂದೇ. ಮುಖ್ಯ ಮಾತೇನೆಂದರೆ ಈ ತಪ್ಪುಗಳೆಲ್ಲ ಕಂಡದ್ದು ಹಣ ಬಂದುಹೋದ ಮೇಲೆ. ಅದೇ ಪಟ್ಟಿ ಹದಿನೈದು ದಿನ ಮುಂಚೆ ಗೋಡೆಗೆ ಬಂದಿದ್ದರೆ ಅರ್ಧಕ್ಕರ್ಧ ತಿದ್ದಬಹುದಿತ್ತು. ಆಮೇಲೆ ಅರ್ಜಿ ಹಿಡಿದು ತಿರುಗಿದವರಲ್ಲಿ ಏಳೆಂಟು ಮಂದಿಗೆ ಸರಿಯಾಯಿತು, ಉಳಿದವರಿಗೆ ‘ಪೋರ್ಟಲ್ ಬಂದ್ ಆಗೈತಿ’ ಎಂಬ ಒಂದೇ ಉತ್ತರ. ಬರ ಬಂದಾಗ ಒಂದೇ ಸಲ ತೆರೆಯುವ ಬಾಗಿಲು ಅದು.

ಲಾವಣಿ ಹಾಕಿಕೊಂಡು ಉಳುವವರ ಮಾತು ಬೇರೆ. ಪರಿಹಾರ ಹೋಗುವುದು ಉತಾರದಲ್ಲಿ ಹೆಸರಿದ್ದವನಿಗೆ. ಬೀಜ ಗೊಬ್ಬರಕ್ಕೆ ಸುರಿದವನು ಲಾವಣಿದಾರ, ಹೆಸರು ಊರು ಬಿಟ್ಟು ಹತ್ತು ವರ್ಷವಾದ ಮಾಲೀಕನದು. ಮಾಲೀಕ ಧರ್ಮವಂತನಾದರೆ ಕೊಡುತ್ತಾನೆ. ಎಷ್ಟು ಬಂತೆಂಬುದೇ ಲಾವಣಿದಾರನಿಗೆ ಗೊತ್ತಿಲ್ಲದಿದ್ದರೆ ಕೇಳುವುದಾದರೂ ಏನನ್ನು? ನಮ್ಮಲ್ಲಿ ಪಟ್ಟಿ ನೋಡಿದ ಮೇಲೆ ಇಬ್ಬರು ಮಾಲೀಕರು ತಾವಾಗಿಯೇ ಕರೆದು ಹಣ ಕೊಟ್ಟರು. ಹೇಳಿದವರು ಯಾರೂ ಇಲ್ಲ, ಗೋಡೆಯೇ ಹೇಳಿತು. ಇದು ಕಾನೂನಿನ ಮಾತಲ್ಲ, ಮುಖ ನೋಡುವ ಮಾತು. ಕಾನೂನಿನಲ್ಲಿ ಲಾವಣಿದಾರನಿಗೆ ಜಾಗ ಮಾಡುವುದು ಸರ್ಕಾರದ ಕೆಲಸ, ಅದನ್ನೂ ಕೇಳುತ್ತಲೇ ಇರಬೇಕು.

ಇನ್ನು ಕಾನೂನು. ನಮ್ಮ ಸಂಘ ಹುಟ್ಟಿದ ಆಸುಪಾಸಿನಲ್ಲೇ, 2000ದಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕಿನ ಕಾನೂನು ಮಾಡಿತ್ತು. ಅದೇ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರ್ ಉತಾರವೂ ಬಂತು. ಅಲ್ಲಿಯವರೆಗೆ ಉತಾರ ಅಂದರೆ ತಲಾಟಿಯ ಚೀಲದಲ್ಲಿರುವ ಗುಟ್ಟು. ಈಗ ಯಾರ ಉತಾರವನ್ನು ಯಾರು ಬೇಕಾದರೂ ನೋಡಬಹುದು. ಆಗಲೂ ಕೆಲವರು ‘ನಮ್ಮ ಹೊಲದ ಲೆಕ್ಕ ಮಂದಿಗ್ಯಾಕ’ ಎಂದಿದ್ದರು. ಏನಾಯಿತು? ಯಾರ ಹೊಲವೂ ಹಾರಿಹೋಗಲಿಲ್ಲ. 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾನೂನು ಬಂತು. ಅದರ 4ನೇ ಕಲಮಿನಲ್ಲಿ, ಸಬ್ಸಿಡಿ ಕಾರ್ಯಕ್ರಮ ನಡೆಸುವ ರೀತಿ, ಅದಕ್ಕೆ ಇಟ್ಟ ಹಣ, ಫಲಾನುಭವಿಗಳ ವಿವರ, ಇವನ್ನು ಯಾರೂ ಅರ್ಜಿ ಹಾಕದಿದ್ದರೂ ಕಚೇರಿ ತಾನಾಗಿ ಪ್ರಕಟಿಸಬೇಕು ಎಂದಿದೆ. ಅದೇ ಕಲಮಿನಲ್ಲಿ ಪ್ರಕಟಿಸುವುದು ಅಂದರೆ ಏನೆಂದೂ ಬರೆದಿದ್ದಾರೆ: ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕವಾಗಿ ಸಾರುವುದು, ಆಮೇಲೆ ಇಂಟರ್‌ನೆಟ್. ಸ್ಥಳೀಯ ಭಾಷೆ ನೋಡಿಕೊಳ್ಳಬೇಕು ಎಂದೂ ಇದೆ. ಸಾರುವುದು ಅಂದರೆ ನಮ್ಮ ಭಾಷೆಯಲ್ಲಿ ಡಂಗುರ. ಡಂಗುರಕ್ಕೆ ಕಾನೂನಿನಲ್ಲೇ ಜಾಗವಿರುವಾಗ ‘ಇಂಟರ್‌ನೆಟ್‌ನಲ್ಲಿ ಐತಿ, ನೋಡ್ಕೊಳ್ರಿ’ ಎಂದು ಕೈ ತೊಳೆದುಕೊಳ್ಳುವುದು ಪೂರ್ತಿ ಕೆಲಸವಾಗುವುದಿಲ್ಲ. ಪರಿಹಾರದ ಹಣ ಬಂತೋ ಇಲ್ಲವೋ ಎಂದು ಫೋನಿನಲ್ಲಿ ನೋಡುವ ಅನುಕೂಲ ಕಂದಾಯ ಇಲಾಖೆ ಮಾಡಿದೆ, ಅದಕ್ಕೆ ಮೆಚ್ಚುಗೆ ಹೇಳಬೇಕು. ಆದರೆ ಎಪ್ಪತ್ತು ವರ್ಷದ ಅಜ್ಜಿಗೆ ಗೋಡೆಯೇ ಇಂಟರ್‌ನೆಟ್.

ಇದು ನಾವು ಹೊಸದಾಗಿ ಕಂಡುಹಿಡಿದದ್ದೇನಲ್ಲ. ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಅವರ ಜತೆಗಾರರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣಾ ಎಂಬ ಊರಲ್ಲಿ ಮೊದಲ ಜನಸುನಾವಣೆ ನಡೆಸಿತು. ಮಾಡಿದ್ದು ಬಹಳ ಸರಳ ಕೆಲಸ. ಸರ್ಕಾರಿ ಕಾಮಗಾರಿಯ ಮಸ್ಟರ್ ರೋಲನ್ನು ಊರ ಜನರ ಮುಂದೆ ಗಟ್ಟಿಯಾಗಿ ಓದಿದ್ದು. ಹೆಸರು ಓದುತ್ತಿದ್ದಂತೆ ಜನ ಎದ್ದು ನಿಂತು ಹೌದು, ಅಲ್ಲ ಎಂದರು. ಆ ಓದಿನಿಂದಲೇ ಬೆಳೆದದ್ದು ಮಾಹಿತಿ ಹಕ್ಕಿನ ಚಳವಳಿ. ಅಂದರೆ ಕಾನೂನು ಹುಟ್ಟಿದ್ದೇ ಪಟ್ಟಿ ಓದುವುದರಿಂದ.

ವಿರೋಧದ ಮಾತುಗಳನ್ನೂ ಮರೆಮಾಚಬಾರದು. ನಮ್ಮ ಆಡಳಿತ ಮಂಡಳಿಯಲ್ಲೇ ಈ ಬಗ್ಗೆ ಎರಡು ಸಲ ಜೋರು ಚರ್ಚೆಯಾಯಿತು. ಒಬ್ಬ ಹಿರಿಯ ನಿರ್ದೇಶಕರು, ‘ತಮ್ಮಾ, ಪಟ್ಟಿ ಹಚ್ಚಿದರ ಸಾಲ ಕೊಟ್ಟವರು ಅದನ್ನ ನೋಡಿಕೊಂಡು ಮನಿ ಬಾಗಿಲಿಗೆ ಬರ್ತಾರ’ ಎಂದರು. ಇದು ತಳ್ಳಿಹಾಕುವ ಮಾತಲ್ಲ. ಫೈನಾನ್ಸಿನವರು ವಾರದ ಕಂತಿಗೆ ಬಂದು ಜಗಲಿಯ ಮೇಲೆ ಕೂರುವುದನ್ನು ನಾವೂ ನೋಡಿದ್ದೇವೆ. ಇನ್ನೊಬ್ಬರು, ‘ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಿದಂಗ ಆಗತೈತಿ’ ಎಂದರು. ಅದೂ ನಿಜ. ಪಟ್ಟಿ ನೋಡಿ ಎರಡು ಮನೆಯಲ್ಲಿ ಮಾತು ನಿಂತಿದೆ. ಆದರೆ ಆ ಜಗಳ ಪಟ್ಟಿಯಿಂದ ಹುಟ್ಟಿದ್ದಲ್ಲ, ಒಬ್ಬನೇ ಸದ್ದಿಲ್ಲದೆ ಇಟ್ಟುಕೊಂಡದ್ದರಿಂದ ಹುಟ್ಟಿದ್ದು ಎಂದು ನಮ್ಮ ಅಭಿಪ್ರಾಯ.

ಸಾಲದವರ ಹೆದರಿಕೆಗೆ ಬಂದರೆ, ಮೊದಲ ಸಾಲದವರು ನಾವೇ ಅಲ್ಲವೇ? ನಮ್ಮದು ಪತ್ತಿನ ಸಂಘ. ಪರಿಹಾರದ ಹಣ ಖಾತೆಗೆ ಬಿದ್ದ ಕೂಡಲೇ ಸಾಲಕ್ಕೆ ಮುರಿದುಕೊಂಡರೆಂಬ ದೂರು 2024ರಲ್ಲಿ ರಾಜ್ಯದ ಹಲವು ಕಡೆಯಿಂದ ಬಂತು. ಪರಿಹಾರವನ್ನು ಸಾಲಕ್ಕೆ ಹೊಂದಿಸಬಾರದೆಂದು ಸರ್ಕಾರ ಆ ವರ್ಷದ ಮೇ ತಿಂಗಳಲ್ಲಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು. ನಮ್ಮ ಮಂಡಳಿಯೂ ಠರಾವು ಮಾಡಿದೆ: ಪರಿಹಾರದ ಒಂದು ರೂಪಾಯಿಯನ್ನೂ ಸದಸ್ಯರ ಬರಹದ ಒಪ್ಪಿಗೆ ಇಲ್ಲದೆ ಸಾಲಕ್ಕೆ ಹಿಡಿಯಬಾರದು. ಇಲ್ಲಿ ಬ್ಯಾಂಕಿನ ಅತಿಥಿಗಳು ಕೂತಿದ್ದಾರೆ, ಅವರ ಮುಂದೆಯೇ ಹೇಳುತ್ತಿದ್ದೇವೆ. ವಸೂಲಿ ಬೇಡವೆಂದಲ್ಲ. ವಸೂಲಿ ಇಲ್ಲದೆ ಸಂಘ ಇಪ್ಪತ್ತೈದು ವರ್ಷ ನಡೆಯುತ್ತಿರಲಿಲ್ಲ. ಆದರೆ ಬೀಜಕ್ಕೆ ಬಂದ ಹಣವನ್ನು ನಾವೇ ನುಂಗಿ, ಮತ್ತೆ ಬೀಜಕ್ಕೆ ಸಾಲ ಕೊಡುವುದು ಯಾವ ಸಹಕಾರ?

ಖಾಸಗಿತನದ ಪ್ರಶ್ನೆ ಇನ್ನೂ ಬಿಗಿಯಾದದ್ದು, ಮತ್ತು ಹೊಸದು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಆಯಿತು. ಅದರ ಮೂಲಕ ಮಾಹಿತಿ ಹಕ್ಕು ಕಾನೂನಿನ 8ನೇ ಕಲಮಿನ ಒಂದು ಉಪಕಲಮನ್ನು ಬದಲಿಸಿದ್ದಾರೆ, ಆ ಬದಲಾವಣೆ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಮುಂಚೆ, ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಕೊಡಬೇಕೆಂದು ಆ ಉಪಕಲಮಿನಲ್ಲೇ ಅವಕಾಶವಿತ್ತು. ಈಗ ಅದು ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಮಾತಿಗೆ ಇಳಿದಿದೆ. ನಾಳೆ ಯಾವುದಾದರೂ ಕಚೇರಿಯವರು ಪರಿಹಾರದ ಪಟ್ಟಿಯೂ ವೈಯಕ್ತಿಕ ಮಾಹಿತಿ, ಕೊಡಲಾಗದು ಎನ್ನಬಹುದು. ಆಗ ನಾವು ಹೇಳಬೇಕಾದ ಮಾತು ಎರಡು. ಫಲಾನುಭವಿಗಳ ವಿವರ ತಾನಾಗಿ ಪ್ರಕಟಿಸಬೇಕೆಂಬ 4ನೇ ಕಲಮನ್ನು ಯಾರೂ ತೆಗೆದಿಲ್ಲ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದೆಂಬ 8(2) ಉಪಕಲಮೂ ಹಾಗೆಯೇ ಇದೆ. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ. ಮಾಹಿತಿ ಅರ್ಜಿಗೆ ಫೀ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಬಿ.ಪಿ.ಎಲ್. ಕಾರ್ಡಿನವರಿಗೆ ಫೀ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಶಬ್ದ ದಾಟಬಾರದು, ಒಂದೇ ವಿಷಯಕ್ಕೆ ಇರಬೇಕು. ನಮ್ಮ ಮಂದಿ ಊರಿನ ಎಲ್ಲ ಸಂಕಟ ಒಂದೇ ಅರ್ಜಿಯಲ್ಲಿ ತುಂಬುತ್ತಾರೆ, ಅದು ವಾಪಸು ಬರುತ್ತದೆ.

ಹಾಗೆಂದು ಎಲ್ಲವನ್ನೂ ಗೋಡೆಗೆ ಹಚ್ಚಬೇಕೆಂದು ನಾವು ಹೇಳುವುದಿಲ್ಲ. ಆಧಾರ್ ನಂಬರ್, ಖಾತೆ ನಂಬರ್, ಫೋನ್ ನಂಬರ್ ಬೇಡವೇ ಬೇಡ. ಅದು ಕಳ್ಳರಿಗೆ ಕೀಲಿಕೈ ಕೊಟ್ಟಂತೆ. ರೈತನ ಹೆಸರು, ಸರ್ವೆ ನಂಬರ್, ಹಿಸ್ಸಾ, ಬೆಳೆ, ಹಾನಿಯಾದ ಎಕರೆ ಗುಂಟೆ, ಮಂಜೂರಾದ ರೂಪಾಯಿ, ಇಷ್ಟು ಸಾಕು. ಹೊಲ ಎಲ್ಲಿದೆ, ಏನು ಬಿತ್ತಿದ್ದರು ಎಂಬುದು ಊರಿಗೆ ಮೊದಲೇ ಗೊತ್ತಿರುವ ಸಂಗತಿ. ಹೊಸದಾಗಿ ತಿಳಿಯುವುದು ರೂಪಾಯಿ ಒಂದೇ, ಅದು ಸರ್ಕಾರದ ಅಂದರೆ ನಮ್ಮೆಲ್ಲರ ರೂಪಾಯಿ. ಇದರ ಜತೆಗೆ ಇನ್ನೊಂದು ಪಟ್ಟಿ ಬೇಕು, ಅದು ಇನ್ನೂ ಮುಖ್ಯ ಎಂದು ನಮಗೆ ಅನ್ನಿಸುತ್ತದೆ: ಬಿಟ್ಟುಹೋದವರ ಪಟ್ಟಿ, ಕಾರಣದ ಸಮೇತ. ಆಧಾರ್ ಜೋಡಣೆ ಇಲ್ಲ, ಹೆಸರು ಹೊಂದಿಲ್ಲ, ಸಮೀಕ್ಷೆಯಲ್ಲಿ ಪಾಳು, ವಾರಸಾ ಬಾಕಿ, ಹೀಗೆ. ಪಡೆದವರ ಪಟ್ಟಿಯಿಂದ ಹೊಟ್ಟೆಕಿಚ್ಚು ಹುಟ್ಟಬಹುದು, ಬಿಟ್ಟವರ ಪಟ್ಟಿಯಿಂದ ಕೆಲಸ ಹುಟ್ಟುತ್ತದೆ.

2019ರ ಆಗಸ್ಟಿನ ನೆರೆಯನ್ನು ಮರೆಯುವ ಹಾಗಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಗೆ 50 ಸಾವಿರ ಎಂದಾಯಿತು. ಒಂದು ಅಕ್ಷರ, ಎ ಅಥವಾ ಸಿ, ನಾಲ್ಕೂವರೆ ಲಕ್ಷದ ಅಂತರ. ಆ ಅಕ್ಷರವನ್ನು ಬರೆದ ದಿನವೇ ಗೋಡೆ ಮುಂದೆ ಓದಿದ್ದರೆ, ನಿಂತ ಮನೆಯನ್ನು ಬಿದ್ದ ಮನೆ ಎಂದು ಬರೆಯಲು ಕೈ ನಡುಗುತ್ತಿತ್ತು. ನಮ್ಮ ಬೀಗರ ಊರು ಆ ಕಡೆಯದು, ಅಲ್ಲಿ ಈಗಲೂ ಆ ಅಕ್ಷರದ ಜಗಳ ಮುಗಿದಿಲ್ಲ.

ಅಧಿಕಾರಿಗಳ ಕಷ್ಟವೂ ಇದೆ. ಒಬ್ಬ ತಲಾಟಿಗೆ ಹಲವು ಊರು, ಜಂಟಿ ಸಮೀಕ್ಷೆಗೆ ಕೃಷಿ, ತೋಟಗಾರಿಕೆಯವರನ್ನು ಹೊಂದಿಸಬೇಕು, ಮೇಲಿನಿಂದ ಇವತ್ತೇ ಮುಗಿಸಿ ಎಂಬ ಒತ್ತಡ. ಆದರೂ ಕೆಲವು ತಾಲ್ಲೂಕುಗಳಲ್ಲಿ ತಹಶೀಲ್ದಾರರು ಹಾನಿಯ ಪಟ್ಟಿಯನ್ನು ಪಂಚಾಯ್ತಿ ಮತ್ತು ನಾಡಕಚೇರಿಯಲ್ಲಿ ಅಂಟಿಸಿ ಆಕ್ಷೇಪಣೆ ಕರೆದದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಒಂದು ಕಡೆ ಆಗುವುದು ಎಲ್ಲ ಕಡೆ ಆಗಬೇಕು, ಅಷ್ಟೇ ನಮ್ಮ ಬೇಡಿಕೆ. ಪಟ್ಟಿಯನ್ನು ಊರೇ ಮೊದಲು ತಿದ್ದಿಕೊಟ್ಟರೆ ತಲಾಟಿಯ ಕೆಲಸವೂ ಹಗುರ.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನು ಪ್ರತಿ ಸಮಾರಂಭದಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಸಹಕಾರ ಸಂಘದಲ್ಲಿ ವರ್ಷಕ್ಕೊಮ್ಮೆ ಮಹಾಸಭೆ ಕರೆದು ಜಮಾ ಖರ್ಚು ಓದುವುದು ಕಡ್ಡಾಯ. ಓದುವಾಗ ಅರ್ಧ ಮಂದಿ ತೂಕಡಿಸುತ್ತೀರಿ, ಅದು ಬೇರೆ ಮಾತು. ಆದರೆ ಓದುತ್ತಾರೆ ಎಂಬ ಭಯ ಸೆಕ್ರೆಟರಿಗೂ ಇದೆ, ನಮಗೂ ಇದೆ. ನಮ್ಮ ಸಂಘದ ಚಿಕ್ಕ ಲೆಕ್ಕವನ್ನೇ ಓದಿ ಹೇಳುವ ನಾವು, ಊರಿಗೆ ಬಂದ ಲಕ್ಷಾಂತರ ರೂಪಾಯಿಯ ಪರಿಹಾರದ ಲೆಕ್ಕವನ್ನು ಯಾರೂ ಓದದೆ ಬಿಡುವುದು ಚಂದವಲ್ಲ.

ಆದ್ದರಿಂದ ಮಂಡಳಿಯ ಪರವಾಗಿ ಒಂದು ಠರಾವು ನಿಮ್ಮ ಮುಂದೆ ಇಡುತ್ತಿದ್ದೇವೆ. ಮುಂದೆ ಬರವೋ ನೆರೆಯೋ ಬಂದಾಗ ನಮ್ಮ ಸಂಘದ ವ್ಯಾಪ್ತಿಯ ಊರುಗಳ ಹಾನಿ ಪಟ್ಟಿಯನ್ನು, ಹಣ ಬಿಡುಗಡೆಗೆ ಮುಂಚೆ, ಏಳು ದಿನ ಪಂಚಾಯ್ತಿ ಮತ್ತು ಸಂಘದ ಫಲಕದಲ್ಲಿ ಹಚ್ಚಬೇಕು, ಒಂದು ದಿನ ಡಂಗುರ ಸಾರಿ ಗಟ್ಟಿಯಾಗಿ ಓದಬೇಕು, ಬಿಟ್ಟವರ ಪಟ್ಟಿಯನ್ನು ಕಾರಣ ಸಮೇತ ಕೊಡಬೇಕು ಎಂದು ತಹಶೀಲ್ದಾರರಿಗೆ ಮನವಿ. ಜೆರಾಕ್ಸಿನ ಖರ್ಚು ಸಂಘದ್ದು. ಗೋದಾಮಿನ ಎಡಗೋಡೆಗೆ ಗಾಜಿನ ಬಾಗಿಲಿನ ಹಲಗೆ ಮಾಡಿಸಿದ್ದೇವೆ, ಮಳೆಗೆ ನೆನೆಯುವುದಿಲ್ಲ. ಈ ಮಧ್ಯೆ ವಾರಸಾ ಬಾಕಿ ಇರುವವರು, ಫ್ರೂಟ್ಸ್‌ಗೆ ಎಲ್ಲ ಹಿಸ್ಸಾ ಜೋಡಣೆಯಾಗದವರು ಸೋಮವಾರದಿಂದ ಉತಾರ ಮತ್ತು ಆಧಾರ್ ಹಿಡಿದುಕೊಂಡು ಸಂಘಕ್ಕೆ ಬರಬೇಕು, ಬರೆದುಕೊಡಲು ಇಬ್ಬರು ಹುಡುಗರನ್ನು ಕೂರಿಸುತ್ತೇವೆ. ಬೆಳೆ ಸಮೀಕ್ಷೆಯ ಹುಡುಗ ಹೊಲಕ್ಕೆ ಬಂದ ದಿನ ನೀವೂ ಹೊಲದಲ್ಲಿರಬೇಕು. ಅವನು ಫೋಟೋ ಹೊಡೆಯುವಾಗ ಬದುವಿನ ಯಾವ ಕಡೆ ನಿಂತಿದ್ದಾನೆ ನೋಡಿರಿ.

ಠರಾವಿನ ಪುಸ್ತಕ ಬಾಗಿಲ ಬಳಿ ಸೆಕ್ರೆಟರಿಯವರ ಮೇಜಿನ ಮೇಲಿದೆ. ಒಪ್ಪಿಗೆ ಇದ್ದವರು ಸಹಿ ಮಾಡಿರಿ, ವಿರೋಧ ಇದ್ದವರೂ ವಿರೋಧ ಎಂದು ಬರೆದು ಸಹಿ ಮಾಡಿರಿ. ತಾಯಂದಿರು ಗಂಡಸರನ್ನು ಕೇಳಿ ಮಾಡುತ್ತೇವೆಂದು ಹೋಗಬೇಡಿರಿ, ಶೇರು ನಿಮ್ಮ ಹೆಸರಿನಲ್ಲೇ ಇದೆ. ಸಹಿ ಮುಗಿಸಿಕೊಂಡು ಊಟಕ್ಕೆ ಏಳೋಣ.